ನಾನು ಕದ್ದು ತುಂಬಿದ ಡಬ್ಬಿ

ಮುದ್ದಿ, ಗುಂಡ್ಯಾ,

ಶಾಲೆಯ ಹೆಸರು ಬಿಟ್ಟು ಮನೆಯ ಹೆಸರಿನಿಂದಲೇ ಕರೆಯುತ್ತಿದ್ದೇನೆ. ನಿಮ್ಮಿಬ್ಬರನ್ನು ಬಿಟ್ಟರೆ ಬೇರೆ ಯಾರ ಹೆಸರನ್ನೂ ಈ ಹಾಳೆಗಳಲ್ಲಿ ಬರೆಯುವುದಿಲ್ಲ.

ಹೋದ ತಿಂಗಳು ಒಂದು ಭಾನುವಾರ ಆರಾಧನೆ ಮುಗಿಸಿ ಮನೆಗೆ ಬಂದಾಗ ಮುದ್ದಿ ನೀನು ನನ್ನನ್ನು ಕೇಳಿದೆ. "ಅಜ್ಜಿ, ದೇವರು ಕೊಟ್ಟ ಅವಕಾಶ ಕಳಕೋಬ್ಯಾಡ್ರಿ ಅಂತ ಪಾಸ್ಟರ್ ಹೇಳಿದ್ರು. ಅದು ದೇವರು ಕೊಟ್ಟಿದ್ದು ಅಂತ ನಮಗ ಹೆಂಗ ಗೊತ್ತಾಗತೈತಿ? ಆತ ಏನು ಮಿಸ್ಡ್ ಕಾಲ್ ಕೊಡತಾನ?" ಗುಂಡ್ಯಾ ನಕ್ಕ. ನಾನು, ಹಾಲು ಉಕ್ಕತೈತಿ ತಡಿ ಎಂದು ಒಳಗೆ ಎದ್ದುಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ.

ನನಗೆ ಉತ್ತರ ಗೊತ್ತಿತ್ತು. ಬಾಯಿಂದ ಹೇಳಲು ಬರಲಿಲ್ಲ. ನಾನು ಅಸುಂಡಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದವಳು. ಬೆಟಗೇರಿಗೆ ಸೊಸೆಯಾಗಿ ಬಂದು ನಲವತ್ತು ವರ್ಷದ ಮೇಲಾಯಿತು. ಒಂದೇ ಒಂದು ದಿನ ಬಿಟ್ಟರೆ, ಇಷ್ಟು ವರ್ಷ ನಮ್ಮ ಸಭೆಯಲ್ಲಿ ನಾನು ಗಟ್ಟಿಯಾಗಿ ಹೇಳಿದ ಮಾತು ಎಂದರೆ ಆಮೆನ್ ಒಂದೇ. ಅದನ್ನೂ ಎಲ್ಲರ ಸಂಗಡ ಹೇಳಿದ್ದೇನೆ, ಒಬ್ಬಳೇ ಹೇಳಿಲ್ಲ. ನಿಮ್ಮ ಅಜ್ಜ ಇದ್ದಾಗ ಅವರ ಹಿಂದೆ ನಿಲ್ಲುತ್ತಿದ್ದೆ. ಅವರು ಹೋದ ಮೇಲೆ ಬಾಗಿಲ ಹಿಂದೆ ನಿಲ್ಲುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಹಿಡಿ ಅಕ್ಕಿಯ ಡಬ್ಬಿ ನಿಮಗೆ ಗೊತ್ತು. ಅಡುಗೆಗೆ ಅಕ್ಕಿ ಅಳೆದುಕೊಂಡ ಮೇಲೆ, ಒಲೆ ಹೊತ್ತಿಸುವ ಮುಂಚೆ, ಅದರಿಂದ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕುವುದು ನಮ್ಮ ಮನೆಗಳ ಪದ್ಧತಿ. ತಿಂಗಳ ಮೊದಲ ಭಾನುವಾರ ಎಲ್ಲ ಮನೆಯ ಡಬ್ಬಿಗಳನ್ನು ದೇವಾಲಯದೊಳಗೆ ಬೆಂಚಿನ ಮೇಲೆ ಮುಚ್ಚಳ ತೆಗೆದು ಸಾಲಾಗಿ ಇಡುತ್ತಿದ್ದರು. ಪ್ರಾರ್ಥನೆ ಆದ ಮೇಲೆ ಆ ಅಕ್ಕಿ ಇಲ್ಲದವರ ಮನೆಗೆ ಹೋಗುತ್ತಿತ್ತು. ನಮ್ಮ ಓಣಿಯ ಹನ್ನೊಂದು ಮನೆಯ ಡಬ್ಬಿಗಳನ್ನು ಶನಿವಾರ ಕೂಡಿಸಿ ತರುವ ಕೆಲಸ ನನ್ನದು. ಮಾತಾಡದೆ ಮಾಡಬಹುದಾದ ಸೇವೆ ಬೇರೆ ಯಾವುದೂ ಇರಲಿಲ್ಲ. ಜನ ಡಬ್ಬಿಯನ್ನು ಕಟ್ಟೆಯ ಮೇಲೋ ಕಿಟಕಿಯ ಹೊರಗಿನ ದಂಡೆಯ ಮೇಲೋ ಇಟ್ಟಿರುತ್ತಿದ್ದರು. ನಾನು ಕೈಗಾಡಿಯಲ್ಲಿ ಇಟ್ಟುಕೊಂಡು ಬರುತ್ತಿದ್ದೆ. ಯಾರಾದರೂ "ಬರ್ರಿ, ಚಾ ಕುಡದ ಹೋಗ್ರಿ" ಎಂದರೆ "ಇರಲಿ ಬಿಡ್ರಿ" ಎಂದು ಹೊಸ್ತಿಲಿನಿಂದಲೇ ಸರಿದುಬಿಡುತ್ತಿದ್ದೆ.

ಓಣಿಯ ಕೊನೆಯ ಮನೆ ಒಬ್ಬ ಲಾರಿ ಡ್ರೈವರನದು. ಆತ ಉಳ್ಳಾಗಡ್ಡಿ ತುಂಬಿಕೊಂಡು ದೂರದೂರಿಗೆ ಹೋಗುವವನು. ಹದಿನೈದು ದಿನಕ್ಕೆ ಒಮ್ಮೆ ಬಂದರೆ ಎರಡು ದಿನ ಇರುತ್ತಿದ್ದ. ಒಳ್ಳೆಯ ಹುಡುಗ, ಕುಡಿಯುವವನಲ್ಲ, ಬಡಿಯುವವನಲ್ಲ. ಆತನ ಹೆಂಡತಿ ಶಿರಹಟ್ಟಿಯವಳು. ಚೊಚ್ಚಲ ಹೆರಿಗೆ ಮುಗಿಸಿಕೊಂಡು ಮೂರು ತಿಂಗಳ ಗಂಡು ಕೂಸಿನೊಂದಿಗೆ ತವರಿನಿಂದ ಬಂದಿದ್ದಳು. ಅತ್ತೆ ತೀರಿಹೋಗಿದ್ದಳು. ಮನೆಯಲ್ಲಿ ಅವಳೊಬ್ಬಳೇ.

ಅವಳು ಬಂದು ತಿಂಗಳಾದ ಮೇಲಿನ ಮೊದಲ ಶನಿವಾರ ಆ ಮನೆಯ ಡಬ್ಬಿ ಎತ್ತಿದಾಗ ನನ್ನ ಕೈ ಸುಮ್ಮನೆ ಮೇಲೆ ಬಂತು. ಅಷ್ಟು ಹಗುರ ಇತ್ತು. ಮುಚ್ಚಳ ತೆಗೆದು ನೋಡಿದೆ. ಐದಾರು ಹಿಡಿ ಇದ್ದಿರಬಹುದು.

ನೀವು ಯೋಚನೆ ಮಾಡಿ ನೋಡಿ. ದಿನಕ್ಕೆ ಒಮ್ಮೆ ಅನ್ನ ಮಾಡಿದರೂ ತಿಂಗಳಿಗೆ ಮೂವತ್ತು ಹಿಡಿ ಆಗಬೇಕು. ಐದಾರು ಹಿಡಿ ಎಂದರೆ ಆ ಮನೆಯಲ್ಲಿ ಐದಾರು ದಿನವೇ ಒಲೆ ಹೊತ್ತಿದೆ. ರೇಷನ್ ಅಕ್ಕಿಯ ಚೀಲ ಪಡಸಾಲೆಯಲ್ಲಿ ಇದ್ದದ್ದು ತೆರೆದ ಕಿಟಕಿಯಿಂದ ಕಾಣುತ್ತಿತ್ತು. ಅಕ್ಕಿ ಇದ್ದೂ ಅಡುಗೆ ಇಲ್ಲ. ಹಾಲೂಡಿಸುವ ತಾಯಿ ಉಣ್ಣುತ್ತಿಲ್ಲ. ಇಷ್ಟೂ ನನಗೆ ಆ ಡಬ್ಬಿ ಕೈಯಲ್ಲಿ ಹಿಡಿದಾಗಲೇ ಗೊತ್ತಾಯಿತು. ನಮ್ಮ ಸಭೆಯಲ್ಲಿ ಬೇರೆ ಯಾರಿಗೂ ಅದು ಗೊತ್ತಾಗುವ ಸಾಧ್ಯತೆ ಇರಲಿಲ್ಲ.

ನಾನು ಏನು ಮಾಡಿದೆ ಗೊತ್ತೇ? ಭಾನುವಾರ ಬೆಂಚಿನ ಮೇಲೆ ಆ ಡಬ್ಬಿ ನೋಡಿ ಹೆಂಗಸರು ಏನು ಅನ್ನುತ್ತಾರೆ ಎಂಬುದು ನೆನಪಾಯಿತು. ಹಿಂದೆ ಒಬ್ಬರ ಡಬ್ಬಿಗೆ "ಇದು ಯಾರದ್ರೀ, ಗುಬ್ಬಿ ಹೊಟ್ಟಿ ಇದ್ದಂಗೈತಿ" ಎಂದು ಒಬ್ಬಾಕೆ ಅಂದು, ಸಾಲಿಗೆ ಸಾಲೇ ನಕ್ಕಿತ್ತು. ಆ ಮನೆಯವರು ಮೂರು ವಾರ ದೇವಾಲಯಕ್ಕೆ ಬರಲಿಲ್ಲ. ಹೊಸ ಹುಡುಗಿಗೆ ಆ ನಾಚಿಕೆ ಬೇಡ ಎಂದುಕೊಂಡೆ. ಮನೆಗೆ ಹೋಗಿ ನಮ್ಮ ಅಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಅವಳ ಕಿಟಕಿಯ ಹತ್ತಿರವೇ ನಿಂತು, ಅತ್ತಿತ್ತ ನೋಡಿ, ಡಬ್ಬಿಯನ್ನು ಕಂಠದವರೆಗೆ ತುಂಬಿದೆ. ಒಳಗೆ ಕೂಸು ಅಳುತ್ತಿತ್ತು. ಅಂದು ಮಲಗುವಾಗ, ಗುಟ್ಟಾಗಿ ಸೇವೆ ಮಾಡಲು ಅವಕಾಶ ಕೊಟ್ಟೆಯಲ್ಲ ಕರ್ತನೇ ಎಂದು ವಂದನೆ ಹೇಳಿದೆ. ಖರೆ ಹೇಳುತ್ತೇನೆ, ಬಹಳ ಸಂತೋಷವಾಗಿತ್ತು.

ಎರಡನೆಯ ತಿಂಗಳು ಎರಡೇ ಹಿಡಿ ಇತ್ತು. ಮತ್ತೆ ತುಂಬಿದೆ. ಈ ಸಲ ಸಂತೋಷ ಆಗಲಿಲ್ಲ. ಮಲಗುವಾಗ ವಂದನೆಯನ್ನೂ ಹೇಳಲಿಲ್ಲ.

ಮೂರನೆಯ ತಿಂಗಳ ಶನಿವಾರ ಡಬ್ಬಿ ಪೂರ್ತಿ ಖಾಲಿ. ಬಾಗಿಲು ಮುಚ್ಚಿತ್ತು. ಕೂಸು ಅಳುತ್ತಿತ್ತು, ಆಮೇಲೆ ಸುಮ್ಮನಾಯಿತು. ತಾಯಿ ಎತ್ತಿಕೊಂಡಾಗ ಕೂಸು ಸುಮ್ಮನಾಗುವ ರೀತಿ ಬೇರೆ. ಇದು ಅತ್ತು ಅತ್ತು ದಣಿದು ಸುಮ್ಮನಾದದ್ದು. ನಾನು ಬಾಗಿಲು ತಟ್ಟಲು ಕೈ ಎತ್ತಿದೆ. ಅವಳು ಬಾಗಿಲು ತೆಗೆದರೆ ಏನು ಕೇಳಲಿ? ನಿಮಗೇನ್ರೀ ನಮ್ಮ ಮನಿ ಉಸಾಬರಿ ಅಂದರೆ? ಬಾಣಂತಿಯ ಮನೆಗೆ ವಿಧವೆ ಹೋಗಬಾರದು ಎಂಬ ಮಾತು ನಮ್ಮ ಸಭೆಯಲ್ಲಿ ಇಲ್ಲ ಎನ್ನುತ್ತೇವೆ, ಓಣಿಯಲ್ಲಂತೂ ಐತಿ. ಕೂಸಿಗೆ ಏನಾದರೂ ಆದರೆ ನನ್ನ ಕಾಲ್ಗುಣ ಅಂದಾರು. ಪಾಸ್ಟರ್ ಅಮ್ಮನವರಿಗೆ ಹೇಳಿದರಾಯಿತು, ಅವರಿಗೆ ಮಾತು ಬರುತ್ತದೆ ಎಂದುಕೊಂಡು ಕೈ ಇಳಿಸಿದೆ. ಡಬ್ಬಿ ತುಂಬಿದೆ. ಪಾಸ್ಟರ್ ಅಮ್ಮನವರಿಗೆ ಹೇಳಲಿಲ್ಲ. ಹೇಳಿದರೆ, ಮೊದಲೇ ಯಾಕ ಹೇಳಲಿಲ್ಲ ಎಂದು ಕೇಳುತ್ತಾರಲ್ಲ, ಆ ಹೆದರಿಕೆ.

ಅದಾಗಿ ನಾಲ್ಕನೆಯ ದಿನ ಲಕ್ಷ್ಮೇಶ್ವರಕ್ಕೆ ಹೊರಟಿದ್ದೆ. ಅಲ್ಲಿ ನನ್ನ ತಂಗಿಗೆ ಕಣ್ಣಿನ ಆಪರೇಷನ್ ಆಗಿತ್ತು. ನಿಮ್ಮ ಅಪ್ಪ ನನ್ನನ್ನು ಗದಗಿನ ಬಸ್ ನಿಲ್ದಾಣದಲ್ಲಿ ಬಿಟ್ಟು, "ಬೋರ್ಡ್ ನೋಡಿ ಹತ್ತು, ಯಾರನ್ನೂ ಕೇಳಾಕ ನಾಚಬ್ಯಾಡ" ಎಂದು ಹೇಳಿ ಕೆಲಸಕ್ಕೆ ಹೋದ. ಒಬ್ಬಳೇ ಬಸ್ಸಿಗೆ ಹೊರಟದ್ದು ಅದೇ ಮೊದಲು. ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಬಾಟಲಿ ನೀರು ಇತ್ತು. ಕಂಬಕ್ಕೆ ಆತು ನಿಂತಿದ್ದೆ. ಆಗ ಆ ಕೊನೆಯ ಮನೆಯವಳು ಬಂದಳು.

ಕೂಸು ಎಡಗೈಯಲ್ಲಿತ್ತು. ಬಲಗೈ ಬರಿದು. ಚೀಲ ಇಲ್ಲ. ಕೂಸನ್ನು ಕಟ್ಟಿಕೊಂಡು ಊರಿಗೆ ಹೋಗುವ ಹೆಣ್ಣುಮಗಳ ಕೈಯಲ್ಲಿ ನಾಲ್ಕು ದುಪ್ಪಟಿ, ಎರಡು ಅಂಗಿ, ಟೊಪ್ಪಿಗೆ ಏನೂ ಇಲ್ಲದೆ ಇರುತ್ತದೆಯೇ? ಅವಳ ತಲೆಗೂ ಬಾಣಂತಿಯರು ಸುತ್ತಿಕೊಳ್ಳುವ ಅರಿವೆ ಇರಲಿಲ್ಲ. ಶಿರಹಟ್ಟಿಗೆ ತವರಿಗೆ ಹೊರಟಿದ್ದಾಳೆ, ತಾಯಿ ನೋಡಿಕೊಳ್ಳುತ್ತಾಳೆ ಎಂದು ಮನಸ್ಸಿಗೆ ಹೇಳಿಕೊಂಡೆ. ಹಾಗೆ ಹೇಳಿಕೊಂಡು ಉಸಿರು ಬಿಡುವಷ್ಟರಲ್ಲಿ ಅವಳು ಮುಂಡರಗಿಯ ಬಸ್ಸು ಹತ್ತಿದಳು. ಶಿರಹಟ್ಟಿ ಒಂದು ದಿಕ್ಕು, ಮುಂಡರಗಿ ಇನ್ನೊಂದು ದಿಕ್ಕು.

ಪಕ್ಕದಲ್ಲೇ ಲಕ್ಷ್ಮೇಶ್ವರದ ಬಸ್ಸು ನಿಂತಿತ್ತು. ನಾನು ಸುತ್ತಲೂ ನೋಡಿದೆ. ನಮ್ಮ ಸಭೆಯವರು ಯಾರಾದರೂ ಇದ್ದಾರೆಯೇ, ಓಣಿಯವರು ಯಾರಾದರೂ ಇದ್ದಾರೆಯೇ? ಯಾರೂ ಇರಲಿಲ್ಲ. ಬೇರೆ ಯಾರನ್ನಾದರೂ ಕಳಿಸಪ್ಪಾ ಎಂದು ಪ್ರಾರ್ಥಿಸಿದೆ. ಅಷ್ಟು ಭಕ್ತಿಯಿಂದ ನಾನು ಎಂದೂ ಪ್ರಾರ್ಥಿಸಿರಲಿಲ್ಲ. ಮುಂಡರಗಿ ಬಸ್ಸಿನ ಇಂಜಿನ್ ಶುರುವಾಯಿತು. ನನ್ನ ಕಾಲು ಹೇಗೆ ಆ ಮೆಟ್ಟಿಲ ಮೇಲೆ ಹೋಯಿತೋ ತಿಳಿಯದು. ಧೈರ್ಯ ಬಂದು ಹತ್ತಿದೆ ಎಂದು ಮಾತ್ರ ತಿಳಿಯಬೇಡಿ.

ಅವಳ ಹಿಂದಿನ ಸೀಟಿನಲ್ಲಿ ಕುಳಿತೆ. ಕಂಡಕ್ಟರ್ ಬಂದ.

"ಯವ್ವಾ, ಆಧಾರ್ ತೋರಸು. ಎಲ್ಲಿಗೆ?"

ಅವಳು ಎಲ್ಲಿ ಇಳಿಯುತ್ತಾಳೋ ನನಗೆ ಗೊತ್ತಿರಲಿಲ್ಲ. ಮೆಲ್ಲಗೆ, "ಮುಂದಿನ ಸೀಟಿನಾಕಿ ಎಲ್ಲಿಗೆ ತಗೊಂಡಾಳೋ ಅಲ್ಲಿಗೆ" ಎಂದೆ.

"ಆಕಿ ನಿಮ್ಮ ಮಗಳಾ?"

"ಅಲ್ಲ."

"ಸೊಸಿ?"

"ಅಲ್ಲ."

"ಮಗಳೂ ಅಲ್ಲ, ಸೊಸೀನೂ ಅಲ್ಲ. ಹೆಣ್ಮಕ್ಕಳಿಗೆ ಫ್ರೀ ಮಾಡ್ಯಾರಂತ ಕಂಡೋರ ಹಿಂದ ಹೊಂಟು ಬಿಡೂದನ?"

ಸುತ್ತಲಿನವರು ನಕ್ಕರು. ನನಗೆ ಸೀಟಿನೊಳಗೆ ಇಳಿದುಹೋಗೋಣ ಅನಿಸಿತು. ಕಂಡಕ್ಟರ್ ಮುಂಡರಗಿಗೆ ಚೀಟಿ ಹರಿದು ಕೊಟ್ಟ. ಅವಳು ತಿರುಗಿ ನೋಡಲಿಲ್ಲ. ಇಷ್ಟು ನಗೆ ಆದರೂ ಅವಳಿಗೆ ಕೇಳಿಸಲಿಲ್ಲ. ಅದನ್ನು ಕಂಡು ನನ್ನ ಹೆದರಿಕೆ ಮತ್ತೂ ಹೆಚ್ಚಿತು.

ದಾರಿ ಉದ್ದಕ್ಕೂ ನನಗೆ ಕಂಡದ್ದು ಅವಳ ಭುಜ, ಮತ್ತು ಅದರ ಕೆಳಗೆ ಕೂಸಿನ ಒಂದು ಪಾದ. ಹೊರಗೆ ಹೆಸರುಕಾಯಿ ಬಿಡಿಸುವ ಆಳುಗಳು ಇದ್ದರು, ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಪ್ರತಿ ಸ್ಟಾಪಿನಲ್ಲೂ, ಇಲ್ಲೇ ಇಳಿದು ಹಿಂದಕ್ಕೆ ಹೋಗುವ ಬಸ್ಸು ಹತ್ತಿಬಿಡಲೇ ಎನಿಸುತ್ತಿತ್ತು. ಮುಂಡರಗಿಯಲ್ಲಿ ಅವಳ ಬಳಗ ಇರಬಹುದು. ಗಂಡ ಅಲ್ಲಿ ಕಾಯುತ್ತಿರಬಹುದು. ಹಿಂದೆ ತಿರುಗಲು ನೆಪಗಳನ್ನು ನನ್ನ ಮನಸ್ಸು ಒಂದರ ಹಿಂದೆ ಒಂದು ತಂದುಕೊಡುತ್ತಿತ್ತು. ಆ ಪಾದ ಅಲುಗಿದಾಗ ಉಸಿರು ಬರುತ್ತಿತ್ತು, ನಿಂತಾಗ ಹೋಗುತ್ತಿತ್ತು.

ಮುಂಡರಗಿಯಲ್ಲಿ ಅವಳು ಇಳಿದು ನೇರವಾಗಿ ಕಂಟ್ರೋಲರ್ ಕಿಟಕಿಗೆ ಹೋದಳು. "ಸಿಂಗಟಾಲೂರ ಬಸ್ ಎಷ್ಟೊತ್ತಿಗ್ರಿ?" ಎಂದು ಕೇಳಿದಳು. "ಇನ್ನೂ ಮುಕ್ಕಾಲು ತಾಸೈತಿ, ಅಲ್ಲಿ ಕುಂಡ್ರವಾ" ಎಂದ ಆತ.

ಸಿಂಗಟಾಲೂರು ಎಂದರೆ ಹೊಳೆಯ ದಂಡೆ. ಆಗ ತುಂಗಭದ್ರೆ ದಂಡೆ ತುಂಬಿ ಹರಿಯುತ್ತಿದ್ದ ಕಾಲ.

ಅವಳು ಕಲ್ಲಿನ ಬೆಂಚಿನ ಮೇಲೆ ಕುಳಿತಳು. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಕೊನೆಗೆ ಬಂದ ಮಾತು ಇದು:

"ಕೂಸಿನ ಟೊಪ್ಪಿಗಿ ಎಲ್ಲೈತಿ?"

ಅವಳು ನನ್ನ ಮುಖ ನೋಡಿದಳು. ಗುರುತು ಸಿಕ್ಕಿತು. "ಮರತೆ, ದೊಡ್ಡವ್ವ."

"ಸಿಂಗಟಾಲೂರಾಗ ಯಾರದಾರ ನಿನಗ?"

"ಯಾರೂ ಇಲ್ಲ."

"ಮತ್ತ?"

"ಹೊಳಿ ನೋಡಾಕ ಹೊಂಟೇನಿ."

"ಕೂಸಿನ್ನ ತಗೊಂಡು?"

"ಬಿಟ್ಟು ಹೋದ್ರ ಅಳತೈತಿ. ಅಳೂದು ಕೇಳಿ ಕೇಳಿ ಸಾಕಾತು ನನಗ."

ಸಂತೆಗೆ ಹೊರಟವರು ಮಾತಾಡುವ ಹಾಗೆ, ಏರಿಳಿತ ಇಲ್ಲದ ದನಿಯಲ್ಲಿ ಹೇಳಿದಳು. ಪ್ರಾರ್ಥನೆಯ ಮಾತು ಒಂದೂ ನೆನಪಾಗಲಿಲ್ಲ. ಒಪ್ಪಿಸಲು ನನ್ನ ಹತ್ತಿರ ಇದ್ದದ್ದು ನನ್ನ ತಪ್ಪು ಒಂದೇ. ಅದನ್ನೇ ಹೇಳಿದೆ.

"ನಿನ್ನ ಡಬ್ಬಿಗೆ ಅಕ್ಕಿ ತುಂಬಿದಾಕಿ ನಾನು."

"ಗೊತ್ತೈತಿ," ಎಂದಳು. "ಮೂರು ಸರತಿ. ಕಿಡಕಿಯಿಂದ ಕಾಣಸ್ತಿದ್ರಿ. ಸೆರಗಿನಾಗಿಂದ ತಗದು ಹಾಕತಿದ್ರಿ."

"ಕರೀಬೇಕಿತ್ತಲ್ಲ ನನ್ನ."

"ಎದ್ದು ಬರಾಕ ಆಗತಿರಲಿಲ್ಲ. ಚಿಲಕಾ ಹಾಕಿರಲಿಲ್ಲ, ದೂಡಿದ್ರ ತೆರೀತಿತ್ತು. ಹೋದ ಶನಿವಾರ ನಿಮ್ಮ ಕೈ ಮ್ಯಾಲೆ ಹೋಗಿದ್ದು ನೋಡಿದೆ. ಈಗ ಬರತಾರ ಅಂತ ಮಾಡಿದ್ದೆ. ಅಕ್ಕಿ ಹಾಕಿ ಹೋದ್ರಿ."

ಮಕ್ಕಳೇ, ಈ ಮಾತು ಬರೆಯುವಾಗಲೂ ನನಗೆ ನೀರು ಕುಡಿಯಬೇಕೆನಿಸುತ್ತದೆ. ಎದ್ದು ಕುಡಿದು ಬಂದು ಬರೆಯುತ್ತಿದ್ದೇನೆ.

ಬೆಂಚಿನ ಆಚೆ ಒಬ್ಬ ಮುಸಲ್ಮಾನ ಹೆಣ್ಣುಮಗಳು ಬುಟ್ಟಿಯಲ್ಲಿ ಪೇರಲಹಣ್ಣು ಇಟ್ಟುಕೊಂಡು ಕುಳಿತಿದ್ದಳು. ಕೂಸನ್ನೇ ನೋಡುತ್ತಿದ್ದಳು. ನನ್ನ ಕಡೆ ಹುಬ್ಬೆತ್ತಿ, ಏನಿದು ಎಂಬಂತೆ ಕೈ ತಿರುವಿದಳು. ನಾನು ತಲೆ ಅಲ್ಲಾಡಿಸಿದೆ. ಅಷ್ಟಕ್ಕೇ ಅವಳಿಗೆ ಏನು ತಿಳಿಯಿತೋ, ಬುಟ್ಟಿ ಸರಿಸಿಕೊಂಡು ಬಂದು ಬಸ್ಸುಗಳು ನಿಲ್ಲುವ ಕಡೆಗೆ ಅಡ್ಡವಾಗಿ ಕುಳಿತುಬಿಟ್ಟಳು.

"ಕೂಸಿನ್ನ ಕೊಡು ಇಲ್ಲೆ," ಎಂದೆ ನಾನು.

"ಒಯ್ದು ಬಿಟ್ರ?"

"ಎಲ್ಲಿಗೆ ಒಯ್ಯಲಿ? ಈ ಊರಾಗ ಸಂಡಾಸ ಎಲ್ಲೈತಿ ಅನ್ನೂದೂ ನನಗ ಗೊತ್ತಿಲ್ಲ."

ಅವಳ ತುಟಿ ಸ್ವಲ್ಪ ಅಲುಗಿತು. ಕೂಸನ್ನು ಕೊಟ್ಟಳು. ಐದು ತಿಂಗಳು ದಾಟಿದ ಕೂಸು ಎರಡು ತಿಂಗಳಿನದರಷ್ಟು ಹಗುರ ಇತ್ತು. ನಾನು ಎದೆಗೆ ಅವಚಿಕೊಂಡು ಸೆರಗು ಹೊದಿಸಿದೆ.

ಸಿಂಗಟಾಲೂರಿನ ಬಸ್ಸು ಬಂತು. ಅವಳು ಎದ್ದು ನಿಂತು ಕೈ ಚಾಚಿದಳು. ನಾನು ಕೊಡಲಿಲ್ಲ. ಅವಳು ಬರಿಗೈಯಲ್ಲೇ ಬಸ್ಸಿನ ಕಡೆ ನಡೆದಳು. ಹಣ್ಣಿನಾಕೆಯ ಬುಟ್ಟಿ ದಾಟಿದಳು. ಆಗ ನನ್ನ ಗಂಟಲಿನಿಂದ ನನ್ನದೇ ಅಲ್ಲದಂಥ ದನಿ ಬಂತು. ನಿಲ್ದಾಣದವರೆಲ್ಲ ತಿರುಗಿ ನೋಡಿದರು.

"ಅವತ್ತು ಒಳಗ ಬರಲಿಲ್ಲ, ತಪ್ಪಾತು. ಇವತ್ತು ಬಂದೇನಿ. ನನ್ನ ಬಿಟ್ಟು ಹೋಗಬ್ಯಾಡ, ನನಗ ಹೆದರಿಕಿ ಆಗೈತಿ."

ಅವಳು ಬಸ್ಸಿನ ಬಾಗಿಲ ಕಂಬಿ ಹಿಡಿದು ನಿಂತಿದ್ದಳು. ಹಣ್ಣಿನಾಕೆ ಹೋಗಿ ಅವಳ ಇನ್ನೊಂದು ಕೈ ಹಿಡಿದು, "ಮುದುಕಿ ಅಂಜ್ಯಾಳ, ಬಾ ತಂಗಿ, ಆಕಿನ್ನ ನೋಡ ಮೊದ್ಲ" ಎಂದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು. ಅವಳು ತಿರುಗಿ ಬಂದು ನನ್ನ ಪಕ್ಕದಲ್ಲಿ ಕುಳಿತು, ನನ್ನ ಹೆಗಲ ಮೇಲೆ ತಲೆ ಇಟ್ಟಳು. ಅಳಲಿಲ್ಲ. ನಿದ್ದೆ ಮಾಡದೆ ಎಷ್ಟು ದಿನವಾಗಿತ್ತೋ, ಹಾಗೇ ಕಣ್ಣು ಮುಚ್ಚಿದಳು.

ಆಮೇಲೆ ನಡೆದದ್ದು ಹಣ್ಣಿನಾಕೆಯ ದಯೆ. ಹಾಲು ತಂದವಳು ಅವಳು, ದವಾಖಾನೆಗೆ ದಾರಿ ತೋರಿಸಿದವಳು ಅವಳು. ದವಾಖಾನೆಗೆ ಹೊರಡುವ ಮುಂಚೆ ಕೂಸಿನ ತಾಯಿಗೆ ಅರ್ಧ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ಉಣ್ಣಿಸಿದೆ. ಹೆರಿಗೆಯಾದ ಮೇಲೆ ಕೆಲವರಿಗೆ ಹೀಗೆ ಮನಸ್ಸಿಗೆ ಬೇನೆ ಬರುತ್ತದೆ, ಇದಕ್ಕೆ ಔಷಧ ಐತಿ, ಒಬ್ಬಳನ್ನೇ ಬಿಡಬೇಡಿ ಎಂದರು ಡಾಕ್ಟರಮ್ಮ. ನಾನು ನಿಮ್ಮ ಅಪ್ಪನಿಗೆ ಫೋನು ಮಾಡಿದೆ.

"ಅವ್ವಾ, ಚಿಗವ್ವ ಹತ್ತು ಸರತಿ ಫೋನ್ ಮಾಡ್ಯಾಳ. ಲಕ್ಷ್ಮೇಶ್ವರದಾಗ ಎಲ್ಲಿ ಅದಿ?"

"ಮುಂಡರಗ್ಯಾಗ ಅದೇನಿ."

"ನಾ ಬೋರ್ಡ್ ನೋಡು ಅಂದಿದ್ದೆ," ಎಂದ.

ಸಂಜೆಯೊಳಗೆ ಶಿರಹಟ್ಟಿಯಿಂದ ಅವಳ ತಾಯಿ ಬಂದಳು. ಗಂಡ ಲಾರಿಯನ್ನು ಬೇರೆಯವರ ಕೈಗೆ ಕೊಟ್ಟು ಮರುದಿನ ಬಂದ. "ನಾನು ಬಂದಾಗೆಲ್ಲ ನಗತಿದ್ಲು, ಹೋಟೆಲ್‌ನಿಂದ ತಂದಿದ್ದು ತಿಂತಿದ್ಲು, ನನಗ ತಿಳೀಲಿಲ್ಲ" ಎಂದು ಗೋಡೆಗೆ ತಲೆ ಇಟ್ಟು ಅತ್ತ. ಅವಳು ಒಂದೇ ವಾರದಲ್ಲಿ ಸರಿಹೋಗಲಿಲ್ಲ. ಆರೇಳು ತಿಂಗಳು ಹಿಡಿಯಿತು. ಅಷ್ಟೂ ತಿಂಗಳು ನಾನು ದಿನಾ ಬೆಳಿಗ್ಗೆ ಆ ಬಾಗಿಲು ದೂಡುವಾಗ, ಒಳಗೆ ಏನು ಕಾಣುತ್ತದೋ ಎಂದು ಹೆದರುತ್ತಲೇ ದೂಡಿದೆ. ಕೆಲವು ದಿನ ಅವಳು ನನ್ನನ್ನು ಬೈದಳು. ಯಾಕ ತಡದ್ರಿ ಎಂದು ಕೇಳಿದಳು. ಪಾತ್ರೆ ತೊಳೆದು ಬರುತ್ತಿದ್ದೆ.

ಸ್ತ್ರೀಯರ ಕೂಟದಲ್ಲಿ ಎದ್ದು ನಿಂತು, ಯಾರ ಮನೆಯದೆಂದು ಹೇಳದೆ, ನಾನು ಡಬ್ಬಿ ತುಂಬಿದ್ದನ್ನು ಹೇಳಿದೆ. ಎರಡು ಮಾತಿನಲ್ಲಿ ಮುಗಿಯಿತು. ಅಂದಿನಿಂದ ಡಬ್ಬಿಗಳನ್ನು ಬೆಂಚಿನ ಮೇಲೆ ಇಡುವುದು ನಿಂತಿತು. ಎಲ್ಲ ಅಕ್ಕಿ ಮನೆಬಾಗಿಲಲ್ಲೇ ಒಂದು ಚೀಲಕ್ಕೆ ಸೇರುತ್ತದೆ. ಕೂಡಿಸಲು ಹೋದವರು ಒಳಗೆ ಹೋಗಿ ಸ್ವಲ್ಪ ಹೊತ್ತು ಕುಳಿತೇ ಬರಬೇಕು ಎಂದಾಯಿತು. ಒಮ್ಮೆ ಒಂದು ಮನೆಯ ಡಬ್ಬಿ ಹಗುರ ಕಂಡು ನಾನು ಗಾಬರಿಯಿಂದ ಒಳಗೆ ನುಗ್ಗಿದರೆ, ಆ ಮನೆಯವರು ಮದುವೆಗೆ ಹೋಗಿ ಹದಿನೈದು ದಿನ ಅಲ್ಲೇ ಉಂಡು ಬಂದಿದ್ದರು. "ಈಕಿಗೆ ಚಾ ಬೇಕಾಗಿತ್ತು, ಅದಕ್ಕ ಅಕ್ಕಿ ನೆವಾ" ಎಂದು ಇವತ್ತಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಮುದ್ದಿ, ನಿನ್ನ ಪ್ರಶ್ನೆಗೆ ಬರುತ್ತೇನೆ. ನನಗೆ ಗೊತ್ತಿರುವುದು ಸ್ವಲ್ಪ. ಅವಕಾಶ ಬಸ್ಸಿನ ಮೆಟ್ಟಿಲ ಹತ್ತಿರ ಬಂತು ಎಂದು ನಾನು ಬಹಳ ದಿನ ತಿಳಿದಿದ್ದೆ. ಹಾಗಲ್ಲ. ಮೊದಲ ಶನಿವಾರವೇ ಬಂದಿತ್ತು. ಬೇರೆ ಯಾರಿಗೂ ಕಾಣದ್ದು ನನಗೊಬ್ಬಳಿಗೇ ಕಂಡಿತು, ಅದೇ ಕರೆ. ನಾನು ನನಗೆ ಸುಲಭವಾದದ್ದನ್ನು ಮಾಡಿ, ಅದಕ್ಕೆ ದೇವರ ಹೆಸರು ಇಟ್ಟು ಮನೆಗೆ ಬಂದೆ. ಬಾಗಿಲು ತಟ್ಟಿದರೆ ನನ್ನ ಬಾಯಿ ಬೇಕಾಗುತ್ತಿತ್ತು, ಅಕ್ಕಿ ಹಾಕಿದರೆ ಬೇಕಾಗುತ್ತಿರಲಿಲ್ಲ. ಮೂರು ಸಲ ಬಿಟ್ಟಮೇಲೂ ಆತ ಇನ್ನೊಮ್ಮೆ ಕೊಟ್ಟ. ಎಲ್ಲರಿಗೂ ಹಾಗೆ ಕೊಡುತ್ತಾನೋ ಇಲ್ಲವೋ ನನಗೆ ತಿಳಿಯದು. ಆ ದಿನ ನಾನು ತಂಗಿಯನ್ನು ನೋಡಲು ಹೊರಟಿರದಿದ್ದರೆ? ಆ ಯೋಚನೆ ಬಂದಾಗ ಈಗಲೂ ಎದ್ದು ಕೂರುತ್ತೇನೆ. ಹೆದರಿಕೆ ಹೋದ ಮೇಲೆ ಮಾಡೋಣ ಎಂದು ಕಾಯಬೇಡಿ, ನನಗಂತೂ ಅದು ಹೋಗಿಲ್ಲ. ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಾಗಿಲು ದೂಡಿರಿ.

ಆ ಕೂಸು ಈಗ ಅಂಗನವಾಡಿಗೆ ಹೋಗುತ್ತದೆ. ಇದನ್ನು ಬರೆಯಲೇ ಎಂದು ಅವಳನ್ನು ಕೇಳಿದೆ. "ಬರೀರಿ, ದೊಡ್ಡವ್ವ, ಆದ್ರ ಇವ ದೊಡ್ಡಾಂವ ಆಗಿ ನನ್ನ ಬಾಯಿಂದ ಕೇಳೂತನ ಓಣ್ಯಾಗಿನ ಯಾರ ಬಾಯಿಂದನೂ ಕೇಳಬಾರದು" ಎಂದಳು. ನಾನು ಮಾತು ಕೊಟ್ಟಿದ್ದೇನೆ. ಆದ್ದರಿಂದ ಈ ಹಾಳೆಗಳ ಫೋಟೋ ತೆಗೆದು ಮೊಬೈಲಿನಲ್ಲಿ ಯಾರಿಗೂ ಕಳಿಸಬೇಡಿ, ಮೇಜಿನ ಮೇಲೆ ಬಿಟ್ಟು ಹೋಗಬೇಡಿ. ನೀವು ಓದಿ ಕೊಟ್ಟ ಮೇಲೆ ನನ್ನ ಟ್ರಂಕಿನ ತಳದಲ್ಲಿ ನಿಮ್ಮ ಅಜ್ಜನ ಶಾಲಿನ ಮಡಿಕೆಯೊಳಗೆ ಇಡುತ್ತೇನೆ. ನಾನು ಹೋದ ಮೇಲೆ ಅಲ್ಲಿಂದ ತೆಗೆದು, ಇಲಿ, ನೀರು, ಕಂಡವರ ಕಣ್ಣು ತಾಗದ ಹಾಗೆ ನೀವಿಬ್ಬರೂ ಜೋಪಾನ ಮಾಡಿ.